ಮಂಡಿಯ ಹಾಸಿಗೆ

ದೇವರ ಕೈಯಿಂದ ಬಂದ ವಸ್ತುಗಳಲ್ಲಿ ಚೌಕದ್ದು ಅಂತ ಒಂದೂ ಇಲ್ಲ ಎಂದು ಮಾವ ಹೇಳುತ್ತಿದ್ದರು. ಕಾಯಿಗೆ ಮೂಲೆಯಿಲ್ಲ, ಕಲ್ಲಿಗೆ ಮೂಲೆಯಿಲ್ಲ, ಮನುಷ್ಯನ ಮೈಯಲ್ಲಂತೂ ತಡಕಾಡಿದರೂ ಒಂದು ನೆಟ್ಟನೆಯ ಗೆರೆ ಸಿಗದು. ಮೂಲೆ ಬೇಕಾದದ್ದು ಯಂತ್ರಕ್ಕೆ. ಎದುರುಬದುರಾಗಿ ಎರಡು ಚಪ್ಪಟೆ ಬದಿ ಇದ್ದರೆ ವೈಸಿನ, ಎಂದರೆ ಬಿಗಿಯುವ ಇಕ್ಕಳದ, ದವಡೆ ಕಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ, ಇನ್ನೂ ಬಿಗಿದರೆ ವಸ್ತುವೇ ನಲುಗಿಹೋಗುತ್ತದೆ. ಹಾಗಾಗಿ ಈ ಕಸುಬಿನಲ್ಲಿ ಲೋಹ ಕೊರೆಯುವುದು ಒಂದು ಗಂಟೆಯ ಕೆಲಸವಾದರೆ ಹಿಡಿಯುವುದು ಮೂರು ದಿನದ ಕೆಲಸ.

ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಲೋಹ ಕಡೆಯುವ ಒಂದು ಲೇತು, ಕೊರೆಯುವ ಒಂದು ಸಣ್ಣ ಮಿಲ್ಲಿಂಗ್ ಮಷೀನು, ಕಿಟಕಿಯ ಕೆಳಗೆ ತಗಡು ಹೊದಿಸಿದ ಮರದ ಮೇಜು. ಆ ಮನೆಯ ಕಾರ್ಖಾನೆ ಎಂದರೆ ಇಷ್ಟೇ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅವಳಿಗೆ ಆಡಿದ ಮೊದಲ ಮಾತು, "ಅಮ್ಮಾ, ಇದನ್ನ ಸ್ವಲ್ಪ ಹಿಡ್ಕೋ" ಅಂತ. ಉದ್ದದ ಕಂಬಿಯೊಂದರ ತುದಿ ಹಿಡಿದುಕೊಂಡು ನಿಂತವಳು ಹದಿನಾರು ವರ್ಷ ಬಿಡಲಿಲ್ಲ. ಗಂಡ ಬಸ್ಸು ಓಡಿಸುವವನು, ಬೆಳಕು ಹರಿಯುವ ಮೊದಲೇ ಹೋಗುವವನು. ಕಬ್ಬಿಣದ ಪುಡಿಯ ವಾಸನೆ ಬಂದರೆ ಸೀನುವವನು. ಹೀಗಾಗಿ ವಿದ್ಯೆ ಮಗನನ್ನು ದಾಟಿಕೊಂಡು ಸೊಸೆಯ ಕೈಗೆ ಬಂತು.

ಕೈಗೆ ಬಂತು ಎಂದ ಮಾತ್ರಕ್ಕೆ ಪೂರ್ತಿ ಬಂತು ಎನ್ನಲಾಗದು. ಕಷ್ಟದ ಕೆಲಸವಾದರೆ ಕಡೆಯ ಕೊರೆತದ ಹೊತ್ತಿಗೆ ಮಾವ ಎದ್ದು ಬಂದು, ಮಷೀನಿನ ಹಿಡಿಕೆಯ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈ ಇಡುತ್ತಿದ್ದರು. ಒತ್ತುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ, ಸುಮ್ಮನೆ ಇಡುತ್ತಿದ್ದರು. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಊಟ ಮುಗಿಸಿ ಅಡ್ಡಾದವರು ಮತ್ತೆ ಏಳಲಿಲ್ಲ. ಅಲ್ಲಿಂದೀಚೆಗೆ ಬಂದ ಕೆಲಸವೆಲ್ಲ ದುಂಡನೆಯದು, ಚಪ್ಪಟೆಯದು, ಸಲೀಸಾಗಿ ದವಡೆಗೆ ಸಿಗುವಂಥದ್ದು. ದೇವರ ದಯೆ ಎಂದುಕೊಂಡು ಸೊಸೆ ಹೇಗೋ ದಿನ ದೂಡುತ್ತಿದ್ದಳು.

ಅಷ್ಟರಲ್ಲಿ ಟೈಲರಣ್ಣನ ಮಂಡಿ ಬಂತು.

ಟೈಲರಣ್ಣನ ಅಂಗಡಿ ಅದೇ ಬೀದಿಯ ತುದಿಯಲ್ಲಿ. ಹರೆಯದಲ್ಲೇ ಎಡಗಾಲು ಕಳೆದುಕೊಂಡವನು. ತೊಡೆಯ ಕೆಳಗೆ ಕೃತಕ ಕಾಲು ಕಟ್ಟಿಕೊಂಡು ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದವನು. ಮೇಲೆ ತೊಡೆ ಕೂರುವ ಚರ್ಮದ ಬಟ್ಟಲು, ಕೆಳಗೆ ಮರದ ಕಾಲು, ನಡುವೆ ಅಲ್ಯೂಮಿನಿಯಮ್ಮಿನ ಎರಕದ ಮಂಡಿ. ಆ ಮಂಡಿಯಲ್ಲಿ ಅಡ್ಡಲಾಗಿ ಒಂದು ತೂತು, ತೂತಿನಲ್ಲಿ ಒಂದು ಉಕ್ಕಿನ ಕಡ್ಡಿ. ಕಾಲು ಮಡಿಚುವುದೂ ಬಿಚ್ಚುವುದೂ ಆ ಕಡ್ಡಿಯ ಮೇಲೆ. ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ನಡೆಯುತ್ತಾ ನಡೆಯುತ್ತಾ ಕಾಲು ತನ್ನ ಪಾಡಿಗೆ ತಾನು ಮಡಿಚಿಕೊಂಡು, ಹೋದ ವಾರ ಅವನು ಅಂಗಡಿಯ ಮೆಟ್ಟಿಲ ಮೇಲಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದ.

ಯಾರದೋ ಊರುಗೋಲು ಊರಿಕೊಂಡು ಬಂದವನು ಕೋಟಿನ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಮಂಡಿಯನ್ನು ಮೇಜಿನ ಮೇಲಿಟ್ಟ. ಹೊಸ ನಮೂನೆಯ ಕಾಲು ತನ್ನ ಮೋಟು ತೊಡೆಗೆ ಕೂರುವುದಿಲ್ಲವೆಂದು ಆಸ್ಪತ್ರೆಯವರು ಎರಡು ಸಲ ನೋಡಿ ಹೇಳಿದ್ದನ್ನೂ, ಇದನ್ನು ಎರಕ ಹೊಯ್ದವರು ಯಾವಾಗಲೋ ಬಾಗಿಲು ಮುಚ್ಚಿದ್ದನ್ನೂ ನಗುನಗುತ್ತಲೇ ಹೇಳಿದ.

"ಒಂದು ಕಾಲನ್ನ ದೇವರಿಗೆ ಕೊಟ್ಟೆ ತಂಗಿ, ಬೇಜಾರಿಲ್ಲ. ಇದು ನಾನು ದುಡ್ಡು ಕೊಟ್ಟು ತಗೊಂಡಿದ್ದು. ಇದನ್ನೂ ಕೊಡು ಅಂದ್ರೆ ಹೇಗೆ?"

ಸೊಸೆ ಮಂಡಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಮುಂದೆ ಉಬ್ಬು, ಹಿಂದೆ ತಗ್ಗು, ಎರಡು ಪಕ್ಕಕ್ಕೂ ಕಿವಿಯಂಥ ಎರಡು ಚಾಚು. ಚಪ್ಪಟೆ ಅನ್ನುವುದು ಎಲ್ಲಿಯೂ ಇರಲಿಲ್ಲ. ತೂತನ್ನು ದೊಡ್ಡದಾಗಿ ಕೊರೆದು, ಒಳಗೆ ಬುಷ್, ಎಂದರೆ ಕಂಚಿನ ಬಳೆ, ಬಡಿದು ಕೂರಿಸಬೇಕು. ಕಿವಿಗಳಲ್ಲಿ ಉಳಿದಿದ್ದ ಲೋಹ ಒಂದೇ ಒಂದು ಕೊರೆತಕ್ಕೆ ಸಾಕಾಗುವಷ್ಟು. ಓರೆಯಾದರೆ ಇನ್ನೊಂದು ಸಲ ಕೊರೆಯಲು ಜಾಗವಿಲ್ಲ. ಟೈಲರಣ್ಣನ ನಡಿಗೆ ಅಲ್ಲಿಗೆ ಮುಗಿಯಿತು. ಆಗುವುದಿಲ್ಲ ಎಂದುಬಿಡಲೇ ಎಂದು ಬಾಯಿ ತೆರೆದವಳ ಕಣ್ಣಿಗೆ, ಮಡಿಚಿ ಪಿನ್ನು ಹಾಕಿದ್ದ ಅವನ ಪ್ಯಾಂಟಿನ ಖಾಲಿ ಕಾಲು ಬಿತ್ತು. ನಾಲ್ಕು ದಿನ ಬಿಟ್ಟು ಬನ್ನಿ ಎಂದಳು.

ಇಂಥ ವಸ್ತುವನ್ನು ಹಿಡಿಯಲು ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾವ ಅದನ್ನು ಹಾಸಿಗೆ ಹಾಸುವುದು ಎನ್ನುತ್ತಿದ್ದರು. ವಸ್ತುವಿಗೆ ತೆಳ್ಳಗೆ ಎಣ್ಣೆ ಸವರಿ, ಒಂದು ಅಡ್ಡಪಟ್ಟಿಗೆ ಬೋಲ್ಟಿನಿಂದ ಬಿಗಿದು, ಮರದ ಪೆಟ್ಟಿಗೆಯೊಳಗೆ ತೂಗುಬಿಡುವುದು. ಕೊರೆಯಬೇಕಾದ ತೂತು ನೆಟ್ಟಗೆ ಆಕಾಶ ನೋಡುವ ಹಾಗೆ ಹೊಂದಿಸುವುದು. ಆಮೇಲೆ ಬಿಳಿ ಪ್ಲಾಸ್ಟರನ್ನು ಕೆನೆಯ ಹದಕ್ಕೆ ಕಲಸಿ ಸುತ್ತಲೂ ಸುರಿಯುವುದು. ಗಟ್ಟಿಯಾಗುವಾಗ ಪ್ಲಾಸ್ಟರು ತಾನಾಗಿ ಬಿಸಿಯಾಗುತ್ತದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ಒಂದು ಗಂಟೆ ಕಳೆದರೆ ಆರಿ ತಣ್ಣಗಾಗುತ್ತದೆ. ವೈಸು ಎರಡು ಕಡೆ ಕಚ್ಚಿ ಹಿಡಿದರೆ ಹಾಸಿಗೆ ಮೈಯೆಲ್ಲ ತಬ್ಬಿ ಹಿಡಿಯುತ್ತದೆ. ನಡುವೆ ತೆಳು ತಗಡು ನಿಲ್ಲಿಸಿ ಸುರಿಯುವುದರಿಂದ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಕೊರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಲೇಬೇಕು ಎನ್ನುವುದು ಮಾವನ ಕಟ್ಟಪ್ಪಣೆ. ಒಳಗೆಲ್ಲೋ ಗಾಳಿಗುಳ್ಳೆ ನಿಂತಿದ್ದರೆ ಆ ಜಾಗದಲ್ಲಿ ವಸ್ತುವಿಗೆ ಆಸರೆಯಿಲ್ಲ. ಟೂಲು ತಾಗಿದ ಕೂಡಲೇ ನಡುಗುತ್ತದೆ, ತೂತು ಕೆಟ್ಟು ಕೂರುತ್ತದೆ.

ಸೋಮವಾರ ಬೆಳಿಗ್ಗೆ ಸೊಸೆ ಮಂಡಿಯ ಮೇಲೆ ಒಂದು ಗೆರೆ ಗೀರಿದಳು. ಕಾಲಿನ ಉದ್ದಕ್ಕೆ ತಕ್ಕಡಿ ಹಿಡಿದ ಹಾಗೆ ಅಡ್ಡಲಾಗಿ, ಒಂದು ಕೂದಲೆಳೆಯ ಓರೆಯೂ ಇಲ್ಲದ ಗೆರೆ. ಆ ಗೆರೆ ನೆಟ್ಟಗೆ ನಿಲ್ಲುವಂತೆ ಮಂಡಿಯನ್ನು ತೂಗುಬಿಟ್ಟು, ಮೂಲೆಮಟ್ಟ ಹಿಡಿದು ನಾಲ್ಕು ಕಡೆಯಿಂದ ನೋಡಿ, ದೇವರನ್ನು ನೆನೆದು ಪ್ಲಾಸ್ಟರು ಸುರಿದಳು. ಮಧ್ಯಾಹ್ನದ ಹೊತ್ತಿಗೆ ಬಂದು ಅಳೆದು ನೋಡಿದರೆ ಗೆರೆ ವಾಲಿತ್ತು. ಹೆಚ್ಚಲ್ಲ, ಎರಡು ಡಿಗ್ರಿ, ಹೊರಮಗ್ಗುಲಿಗೆ. ಬೋಲ್ಟು ಸಡಿಲವಾಗಿರಬೇಕು ಎಂದುಕೊಂಡು ಸ್ಪ್ಯಾನರು ಹಾಕಿ ತಿರುಗಿಸಿದಳು. ಅದು ಒಂದಿಷ್ಟೂ ಅಲ್ಲಾಡಲಿಲ್ಲ. ಹೋಳು ಬಿಚ್ಚಿ ನೋಡಿದಾಗ ಒಳಮೈಯಲ್ಲಿ ನಾಲ್ಕು ಸಾಲುಗಳಿದ್ದವು, ನೇಗಿಲು ಹೊಡೆದ ಹಾಗೆ. ಎಣ್ಣೆ ಜಾಸ್ತಿಯಾಗಿ ಹರಿದ ಗುರುತು ಎಂದು ತನಗೆ ತಾನೇ ಹೇಳಿಕೊಂಡು, ಸುತ್ತಿಗೆಯಿಂದ ಕುಟ್ಟಿ ಪುಡಿಮಾಡಿ ಬಕೆಟ್ಟಿಗೆ ಹಾಕಿದಳು. ಸಂಜೆ ಗಂಡ ಕೇಳಿದ್ದಕ್ಕೆ, ಪ್ಲಾಸ್ಟರು ಹಳೇದಾಗಿತ್ತು ಎಂದಳು. ಪ್ಲಾಸ್ಟರು ಮಾರಿದ ಅಂಗಡಿಯವನಿಗೆ ಗಂಡ ಬೈದ ಬೈಗುಳವೆಲ್ಲ ದಂಡವಾಯಿತು.

ಮಂಗಳವಾರ ಹೊಸ ಪ್ಲಾಸ್ಟರು ತಂದು, ಎಣ್ಣೆಯನ್ನು ಬೆರಳಿಗೆ ಅಂಟುವುದೂ ಅನುಮಾನ ಎನ್ನುವಷ್ಟು ತೆಳ್ಳಗೆ ಸವರಿ, ಒಂದೊಂದು ಬೋಲ್ಟಿಗೂ ಎರಡೆರಡು ನಟ್ಟು ಬಿಗಿದು, ಮತ್ತೆ ಹಾಸಿಗೆ ಹಾಸಿದಳು. ಒಂದು ಗಂಟೆ ಬಿಟ್ಟು ಪೆಟ್ಟಿಗೆ ಮುಟ್ಟಿ ನೋಡಿದಳು, ಬಿಸಿಯಾಗಿತ್ತು. ಎರಡು ಗಂಟೆ ಬಿಟ್ಟು ಮುಟ್ಟಿದಳು, ಹಾಗೇ ಇತ್ತು. ಬಟ್ಟೆ ಒಗೆದು ಹರವಿ ಬಂದು ಮುಟ್ಟಿದಳು. ಹೊರಗಿನ ಮರ ತಣ್ಣಗಿತ್ತು, ಒಳಗಿನ ಬಿಳುಪು ಬೆಚ್ಚಗಿತ್ತು. ಸುಡುವ ಬಿಸಿಯಲ್ಲ. ಯಾರೋ ಆಗ ತಾನೇ ಎದ್ದು ಹೋದ ಕುರ್ಚಿಯಲ್ಲಿ ಉಳಿದಿರುತ್ತದಲ್ಲ, ಅಂಥ ಬೆಚ್ಚಗೆ.

ಬುಧವಾರ ಬೆಳಿಗ್ಗೆಯೂ ಅದು ಬೆಚ್ಚಗೇ ಇತ್ತು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಭಯಪಡುವ ಹೊತ್ತೇ ಅಲ್ಲ ಅದು. ಸೊಸೆ ಅಳೆದಳು: ಎರಡು ಡಿಗ್ರಿ, ಹೊರಮಗ್ಗುಲಿಗೆ. ಹೋಳುಗಳ ಸಂದಿಗೆ ಉಳಿ ತೂರಿಸಿ ಮೆಲ್ಲಗೆ ತಟ್ಟಿದಳು. ಹಾಸಿಗೆ ಬಾಯಿಬಿಟ್ಟಿತು.

ಒಳಗೆ ಮಂಡಿಯ ಅಚ್ಚಿತ್ತು. ಅದರ ಸುತ್ತ, ಕೆಳಗಿನಿಂದ ಮೇಲಕ್ಕೆ, ಮಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡ ಕೈಯೊಂದರ ಅಚ್ಚಿತ್ತು. ನಾಲ್ಕು ಬೆರಳು ಒಂದು ಹೋಳಿನಲ್ಲಿ, ಹೆಬ್ಬೆರಳು ಇನ್ನೊಂದು ಹೋಳಿನಲ್ಲಿ. ಪ್ಲಾಸ್ಟರು ಸುಳ್ಳು ಹೇಳದ ವಸ್ತು. ಬೆರಳಿನ ಗಿಣ್ಣಿನ ಮಡಿಕೆ, ಉಗುರಿನ ಅಂಚು, ಚರ್ಮದ ಮೇಲಿನ ಸಣ್ಣ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ತೋರುಬೆರಳಿನ ತುದಿ ಹೊರಗಡೆಗೆ ಬಾಗಿತ್ತು, ಮುರಿದು ಕೂಡಿಕೊಂಡ ಬೆರಳು ಬಾಗುವ ಹಾಗೆ. ಹದಿನಾರು ವರ್ಷ ತನ್ನ ಕೈಯ ಮೇಲೆ ಬಂದು ಕೂತ ಬೆರಳನ್ನು ಯಾರೂ ಅವಳಿಗೆ ಗುರುತು ಹೇಳಿಕೊಡಬೇಕಾಗಿರಲಿಲ್ಲ.

ಅವಳು ಚೀರಲಿಲ್ಲ. ಹೋಗಿ ಅತ್ತೆಯನ್ನು ಕರೆದುಕೊಂಡು ಬಂದಳು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಎರಡು ಹೋಳಿನ ಮುಂದೆ ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ಮೂಗಿನಲ್ಲಿ ಉಸಿರು ಬಿಟ್ಟರು.

"ನಲವತ್ತು ವರ್ಷ ಸಂಸಾರ ಮಾಡಿದೆ, ರಸ್ತೆ ದಾಟಿಸೋಕೂ ಒಂದು ದಿನ ನನ್ನ ಕೈ ಹಿಡೀಲಿಲ್ಲ. ಈಗ ನೋಡಿದ್ರೆ ಟೈಲರನ ಮಂಡಿ ಹಿಡ್ಕೊಂಡು ಕೂತಿದಾರೆ."

ಹಾಗೆಂದವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಸೊಸೆಯ ಮುಖ ನೋಡಿ, ಈಗೇನು ಮಾಡುತ್ತೀಯ ಎಂದು ಕೇಳಿದರು. ಸೊಸೆಗೂ ಅದೇ ತಿಳಿಯದು. ಲೆಕ್ಕದ ಪ್ರಕಾರ ಬೆರಳಿನ ಅಚ್ಚುಗಳೆಂದರೆ ಪೊಳ್ಳು, ಪೊಳ್ಳಿದ್ದ ಕಡೆ ಆಸರೆಯಿಲ್ಲ. ಹಿಡಿಯಷ್ಟು ಗಾಳಿಯ ಮೇಲೆ ಕೂತ ವಸ್ತು ಬೆರಳಿನಿಂದ ತಳ್ಳಿದರೂ ಅಲುಗಾಡಬೇಕು. ಪರೀಕ್ಷೆ ಮಾಡೋಣವೆಂದು ಮಂಡಿಯನ್ನು ಮತ್ತೆ ಒಳಗಿಟ್ಟು, ಹೋಳು ಕೂಡಿಸಿ, ಪೆಟ್ಟಿಗೆಯನ್ನು ಮಷೀನಿನ ಹಲಗೆಗೆ ಬಿಗಿದಳು. ಮಂಡಿಯ ಕಿವಿಗೆ ಡಯಲ್ ಗೇಜಿನ ಕಡ್ಡಿ ತಾಗಿಸಿದಳು. ಕೂದಲಿನ ಹತ್ತರಲ್ಲಿ ಒಂದು ಪಾಲು ಸರಿದರೂ ಮುಳ್ಳು ತೋರಿಸಿಬಿಡುವ ಸಲಕರಣೆ ಅದು. ಮರದ ಕೋಲು ಊರಿ, ಮೈಯ ಭಾರವೆಲ್ಲ ಹಾಕಿ ಒತ್ತಿದಳು. ಅತ್ತೆಯೂ ಎದ್ದು ಬಂದು ಒತ್ತಿದರು.

ಮುಳ್ಳು ಕದಲಲಿಲ್ಲ. ಪ್ಲಾಸ್ಟರು ಇಲ್ಲದ ಜಾಗದಲ್ಲಿ ಏನೋ ಇತ್ತು, ಅದು ಹಿಡಿದಿತ್ತು.

"ಅತ್ತೆ, ನನ್ನ ಗೆರೆ ಸರಿ ಇಲ್ಲ ಅಂತ ಮಾವ ಹೇಳ್ತಿದಾರೆ," ಎಂದಳು ಸೊಸೆ.

"ಬದುಕಿರೋವಾಗ್ಲೂ ಯಾರ ಗೆರೆ ಸರಿ ಇತ್ತು ಅವರಿಗೆ?" ಎಂದು ಅತ್ತೆ ಒಳಗೆ ಹೊರಟುಹೋದರು. ಹೋಗುವಾಗ ಬಾಗಿಲನ್ನು ಮುಂದೆ ಮಾಡಲಿಲ್ಲ. ಯಾವತ್ತೂ ಮುಂದೆ ಮಾಡಿಕೊಂಡೇ ಹೋಗುವವರು.

ಒಬ್ಬಳೇ ನಿಂತ ಸೊಸೆಗೆ ಭಯಕ್ಕಿಂತ ದೊಡ್ಡದಾಗಿ ಒಂದು ನೆಮ್ಮದಿ ಬಂತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆದರೆ ಬಂದದ್ದು ನಿಜ. ಎಂಟು ತಿಂಗಳಿಂದ ಹೊತ್ತುಕೊಂಡಿದ್ದ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಮಾವನಿಗೆ ಗೊತ್ತಿದೆ. ಎರಡು ಡಿಗ್ರಿ ಎಂದರೆ ಎರಡು ಡಿಗ್ರಿ. ತಾನು ಹಿಡಿಕೆ ತಿರುಗಿಸಿದರೆ ಸಾಕು. ಅವಳು ತೂತು ಅಗಲಿಸುವ ಬೋರಿಂಗ್ ಟೂಲನ್ನು ಸಿಕ್ಕಿಸಿ, ಹಳೆಯ ತೂತಿನ ಮೇಲೆ ತಂದು ನಿಲ್ಲಿಸಿ, ಮಷೀನು ಚಾಲೂ ಮಾಡಿದಳು. ಟೂಲು ಗಾಳಿಯಲ್ಲಿ ತಿರುಗತೊಡಗಿತು. ಅದಕ್ಕೂ ಲೋಹಕ್ಕೂ ನಡುವೆ ಒಂದು ಬೆರಳಿನ ಅಂತರ.

ಆ ಮನೆಯಲ್ಲಿ ಇನ್ನೂ ಒಂದು ರೂಢಿಯಿತ್ತು. ಮೊದಲ ಕೊರೆತಕ್ಕೆ ಮುಂಚೆ ಮಾವ ಯಾವಾಗಲೂ "ಯಾರದು?" ಎಂದು ಕೇಳುವರು. ಯಾರ ಕೆಲಸವೆಂದು ಸೊಸೆ ಹೇಳಬೇಕು. ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಲೋಹದ ಮುಖ ನೋಡಿ ನೋಡಿ ಮನುಷ್ಯನ ಮುಖ ಮರೆತುಹೋಗುತ್ತೆ ಕಣಮ್ಮ ಎಂದಿದ್ದರು. ಈ ಎಂಟು ತಿಂಗಳೂ ಕೇಳುವ ಪಾಲನ್ನೂ ಹೇಳುವ ಪಾಲನ್ನೂ ಅವಳೇ ಮನಸ್ಸಿನೊಳಗೆ ಮುಗಿಸುತ್ತಿದ್ದಳು. ಈಗಲೂ ಹಾಗೇ ಆಯಿತು. ಯಾರದು? ಟೈಲರಣ್ಣಂದು. ಟೈಲರಣ್ಣನ ಮುಖವನ್ನು ನೆನೆದರೆ ಮುರಿದ ಹಲ್ಲು ಕಂಡಿತು, ಊರುಗೋಲು ಕಂಡಿತು, ಖಾಲಿ ಪ್ಯಾಂಟು ಕಂಡಿತು. ಆ ಕಾಲಿನ ಮೇಲೆ ಅವನು ನಿಂತದ್ದು ಮಾತ್ರ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಮಂಡಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ, ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ತೂತನ್ನು ನೋಡಿ ಗೆರೆ ಎಳೆದವಳು ಅದರ ಮೇಲೆ ನಿಲ್ಲುವವನನ್ನು ನೋಡಿರಲಿಲ್ಲ.

ಕೈಗೆ ಸಿಕ್ಕಿದ ಗುಂಡಿ ಒತ್ತಿ ಮಷೀನು ನಿಲ್ಲಿಸಿದಳು. ಟೂಲು ಸುತ್ತುತ್ತಾ ಸುತ್ತುತ್ತಾ ನಿಂತಿತು. ಕೋಣೆಯಲ್ಲಿ ಅವಳ ಬೆನ್ನ ಹಿಂದೆ ಯಾರೋ ತಡೆದಿದ್ದ ಉಸಿರನ್ನು ಬಿಟ್ಟಂತಾಯಿತು. ಅದು ಮೆಚ್ಚಿಗೆಯೋ ಮುನಿಸೋ ತಿಳಿಯಲಿಲ್ಲ.

ಫೋನು ಮಾಡಿದ ಅರ್ಧ ಗಂಟೆಗೆ ಟೈಲರಣ್ಣ ಊರುಗೋಲಿನೊಂದಿಗೆ ಬಂದ. ಚರ್ಮದ ಬಟ್ಟಲನ್ನೂ ಮರದ ಕಾಲನ್ನೂ ಚೀಲದಲ್ಲಿ ತಂದಿದ್ದ. ಸೊಸೆ ಹಾಸಿಗೆಯ ಮೇಲೆ ಗೋಣಿ ಮುಚ್ಚಿದ್ದಳು. ಅವನಿಗೆ ಅದನ್ನು ತೋರಿಸುವ ಧೈರ್ಯ ಅವಳಿಗಿರಲಿಲ್ಲ. ಮೊದಲು ಯಾರಾದರೂ ಈ ತೂತನ್ನು ಸರಿಮಾಡಿದ್ದರೇ ಎಂದಷ್ಟೇ ಕೇಳಿದಳು.

"ಮತ್ತೆ ಯಾರು ಮಾಡ್ತಾರೆ? ನಿಮ್ಮ ಮಾವನೋರೇ," ಎಂದ ಟೈಲರಣ್ಣ. ಹನ್ನೆರಡು ವರ್ಷವಾಯಿತಂತೆ. ಆಗ ಸೊಸೆ ಎರಡು ತಿಂಗಳು ತವರಿಗೆ ಹೋಗಿದ್ದಳಂತೆ. ಮಾವ ಇವನನ್ನು ಇದೇ ಕೋಣೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿ, ತಾವು ಕೆಳಗೆ ಕುಕ್ಕರುಗಾಲಲ್ಲಿ ಕುಳಿತು, ಮಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಹಾಗೇ ಇದ್ದರಂತೆ.

"ಹಿಂಗೆ," ಎಂದು ಅವನು ಕೈಯನ್ನು ಬಟ್ಟಲು ಮಾಡಿ, ಬೆರಳು ಮೇಲೆತ್ತಿ ತೋರಿಸಿದ. "ಒಂದು ಮಾತಿಲ್ಲ. ನಾನು ಭಾರ ಬಿಡ್ತಾ ಇದ್ದೆ, ಅವರು ಹಿಡ್ಕೊಂಡೇ ಇದ್ರು. ಆಮೇಲೆ, ನೀನು ಹೊರಗಡೆಗೆ ವಾಲ್ತೀಯ, ತೂತೂ ಹಂಗೇ ಇರ್ಲಿ ಅಂದ್ರು. ಆಗ ಹೊಟ್ಟೆ ಇತ್ತು ತಂಗಿ ನಂಗೆ. ಅಳತೆ ಟೇಪು ಸಾಲ್ತಿರಲಿಲ್ಲ."

ಸೊಸೆ ಅವನ ಹೊಟ್ಟೆ ನೋಡಿದಳು. ಅಂಗಿ ಗೂಟಕ್ಕೆ ತಗುಲಿಹಾಕಿದ ಹಾಗೆ ಜೋತಿತ್ತು.

ಅವಳು ಗೋಣಿಯ ಕೆಳಗೆ ಕೈಹಾಕಿ ಹೋಳು ಸಡಿಲಿಸಿ ಮಂಡಿಯನ್ನು ತೆಗೆಯಲು ನೋಡಿದಳು. ಅದು ಕೂಡಲೇ ಬರಲಿಲ್ಲ. ನಿದ್ದೆಹೋದ ಮಗುವಿನ ಮುಷ್ಟಿಯಿಂದ ಆಟದ ಸಾಮಾನು ಬಿಡಿಸಿಕೊಂಡ ಹಾಗೆ ಮೆಲ್ಲಗೆ ಬಿಡಿಸಿಕೊಂಡಳು. ಸವೆದ ತೂತಿಗೆ ತೆಳು ತಗಡಿನ ಪಟ್ಟಿ ತುರುಕಿ, ಮಾವ ಹೇಳಿದ ಎರಡು ಡಿಗ್ರಿಗೇ ಕಡ್ಡಿ ಕೂರುವಂತೆ ಮಾಡಿ, ಕಾಲು ಜೋಡಿಸಿ ಕೊಟ್ಟಳು. ಟೈಲರಣ್ಣ ಕಟ್ಟಿಕೊಂಡು, ಗೋಡೆಗೆ ಆನಿಸಿ ನಿಂತ. ಅವಳು ಕುಕ್ಕರುಗಾಲಲ್ಲಿ ಕುಳಿತು ನೋಡಿದಳು. ಅವನು ಕಾಲು ಮಡಿಚಿದಾಗ ಪಾದ ಹೊರಕ್ಕೆ ಹಾರಿತು. ಅದನ್ನು ಒಳಕ್ಕೆ ಎಳೆದುಕೊಳ್ಳಲು ಸೊಂಟ ತಿರುಚಿದ, ಹಲ್ಲು ಕಚ್ಚಿದ. ತಾನು ಗೀರಿದ ನೇರ ಗೆರೆಗೆ ಪಟ್ಟಿ ಬದಲಿಸಿ ನೋಡಿದಳು. ಆಗಲೂ ಸರಿಹೋಗಲಿಲ್ಲ, ನೋವು ಕಡಿಮೆ ಅಷ್ಟೇ.

ಹನ್ನೆರಡು ವರ್ಷದಲ್ಲಿ ಅವನ ಹೊಟ್ಟೆ ಕರಗಿತ್ತು. ಒಳ್ಳೆಯ ಕಾಲಿನ ಮಂಡಿಯೂ ಸೋತಿತ್ತು. ಈಗ ಅವನು ವಾಲುತ್ತಿದ್ದುದು ಒಳಮಗ್ಗುಲಿಗೆ. ತಗಡಿನ ಪಟ್ಟಿ ಹಾಕಿ, ತೆಗೆದು, ಮತ್ತೊಂದು ಸೇರಿಸಿ, ಮಧ್ಯಾಹ್ನವೆಲ್ಲ ನಿಲ್ಲಿಸಿ ಕೂರಿಸಿ ನೋಡಿದ ಮೇಲೆ, ಒಂದು ಡಿಗ್ರಿ ಒಳಗಡೆಗೆ ಬಂದಾಗ ಅವನ ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಅವಳು ಮಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಅವನು ಭಾರ ಬಿಟ್ಟ. ಭಾರ ನೆಟ್ಟಗೆ ಕೆಳಕ್ಕೆ ಇಳಿದು ನೆಲ ಸೇರುವುದು ಅಂಗೈಗೆ ತಿಳಿಯಿತು. ಮಾವನ ಕೈಗೆ ತಿಳಿದದ್ದು ತಪ್ಪಾಗಿರಲಿಲ್ಲ. ಆ ಕೈ ಸತ್ಯವನ್ನೇ ಹಿಡಿದಿತ್ತು, ಆದರೆ ಹನ್ನೆರಡು ವರ್ಷದ ಹಿಂದೆ ಇದ್ದವನನ್ನು ಹಿಡಿದಿತ್ತು. ಹೋದವರಿಗೆ ತಾವು ಕಡೆಯ ಸಲ ಮುಟ್ಟಿದ್ದಷ್ಟೇ ಗೊತ್ತು.

ಹೊಸ ಗೆರೆಯನ್ನು ಗೀರಿಕೊಂಡು, ಟೈಲರಣ್ಣನನ್ನು ಅತ್ತೆಯ ಹತ್ತಿರ ಮಾತಾಡುತ್ತಾ ಕೂರಲು ಕಳಿಸಿ, ಸೊಸೆ ಗೋಣಿ ಸರಿಸಿದಳು.

ಎರಡೂ ಹೋಳು ಬಿಸಿಲಲ್ಲಿ ಬಾಯಿ ತೆರೆದುಕೊಂಡಿದ್ದವು. ಬೆಳಿಗ್ಗೆ ಬೆರಳುಗಳು ಸಡಿಲವಾಗಿ ಹಿಡಿದಂತಿದ್ದವು ಎಂದು ಅವಳಿಗೆ ನೆನಪು. ಈಗ ಗಿಣ್ಣುಗಳು ಎದ್ದಿದ್ದವು, ಉಗುರಿನ ತುದಿ ಆಳಕ್ಕೆ ಊರಿತ್ತು. ಗಟ್ಟಿಯಾದ ಪ್ಲಾಸ್ಟರಿನಲ್ಲಿ ಅಚ್ಚು ಬದಲಾಗುವುದು ಸಾಧ್ಯವಿಲ್ಲ. ಆದರೂ ಅದು ಬಿಗಿದ ಹಿಡಿ. ಮಂಡಿ ತೆಗೆದುಕೊಂಡು ಹೋದ ಮೇಲೂ ಬಿಡದೆ ಬಿಗಿದ ಹಿಡಿ.

ಅವಳು ಎರಡೂ ಹೋಳನ್ನು ಹತ್ತಿರ ಸರಿಸಿ, ತನ್ನ ಬೆರಳುಗಳನ್ನು ಒಂದೊಂದಾಗಿ ಆ ಬೆರಳುಗಳ ಪೊಳ್ಳಿನಲ್ಲಿ ಇಟ್ಟಳು. ಮಾವನ ಕೈ ದೊಡ್ಡದು, ಅವಳದು ಸಣ್ಣದು. ಸುತ್ತಲೂ ಸಡಿಲ ಉಳಿಯಬೇಕಾಗಿತ್ತು. ಉಳಿಯಲಿಲ್ಲ. ಬೆಚ್ಚನೆಯದೇನೋ ನಾಲ್ಕೂ ಕಡೆಯಿಂದ ಅವಳ ಬೆರಳುಗಳಿಗೆ ಒತ್ತಿಕೊಂಡಿತು. ಒಂದು ಕ್ಷಣ ಅವಳಿಗೆ ಕೈ ತೆಗೆಯಲಾಗುವುದಿಲ್ಲವೇನೋ ಅನ್ನಿಸಿತು. ಇನ್ನೊಂದು ಕ್ಷಣ, ತೆಗೆಯುವುದು ಬೇಡವೇ ಬೇಡ ಅನ್ನಿಸಿತು. ಭಯವಾದದ್ದು ಆ ಎರಡನೆಯದಕ್ಕೆ.

"ಮಾವ," ಎಂದಳು. ಅವಳು ಅವರೊಂದಿಗೆ ಜೋರಾಗಿ ಮಾತಾಡಿದವಳಲ್ಲ, ಈಗಲೂ ಮೆಲ್ಲಗೇ ಅಂದಳು. "ನೀವು ಹಿಡ್ಕೊಂಡಿರೋದು ಆವತ್ತಿನ ಟೈಲರಣ್ಣನ್ನ. ಅವರು ಈಗ ಹಾಗಿಲ್ಲ. ಒಳಗೆ ಕೂತಿದಾರೆ, ದನಿ ಕೇಳಿಸ್ತಿದೆ ಅಲ್ವಾ? ನೀವು ಬಿಡಿ. ನಾನು ಹಿಡ್ಕೋತೀನಿ."

ಒಳಗಿನಿಂದ ಅತ್ತೆ ಏನೋ ಅಂದದ್ದೂ, ಟೈಲರಣ್ಣ ಮುರಿದ ಹಲ್ಲಿನ ಸಂದಿಯಿಂದ ಸಿಳ್ಳೆಯಂತೆ ನಕ್ಕದ್ದೂ ಕೇಳಿಸಿತು. ಸೊಸೆ ಕಾದಳು. ಎಷ್ಟು ಹೊತ್ತೆಂದು ಅವಳಿಗೆ ತಿಳಿಯದು. ಮೇಜಿನ ಮೇಲಿದ್ದ ಬಿಸಿಲು ಗೋಡೆಗೆ ಹತ್ತಿತ್ತು. ಬೆರಳುಗಳ ಸುತ್ತ ಒತ್ತಡ ಸಡಿಲವಾಯಿತು, ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಹಾಗೇ ಒಂದೊಂದು. ಹೆಬ್ಬೆರಳು ಎಲ್ಲದಕ್ಕಿಂತ ಕಡೆಗೆ. ಅವಳು ಕೈ ತೆಗೆದಳು. ಸುತ್ತಿಗೆ ತೆಗೆದುಕೊಂಡಳು. ಮೊದಲ ಹಾಸಿಗೆಯನ್ನು ಒಡೆಯುವಾಗ ಯೋಚನೆಯೇ ಬಂದಿರಲಿಲ್ಲ. ಇದಕ್ಕೆ ಒಂದೊಂದು ಪೆಟ್ಟಿಗೂ ಎದೆಯಿಂದ ಬಲ ತೆಗೆಯಬೇಕಾಯಿತು. ಚೂರುಗಳನ್ನು ಬಕೆಟ್ಟಿಗೆ ತುಂಬುವ ಹೊತ್ತಿಗೆ ಅವು ನೆಲದಷ್ಟೇ ತಣ್ಣಗಾಗಿದ್ದವು.

ಮೂರನೆಯ ಹಾಸಿಗೆ ಒಂದು ಗಂಟೆಯಲ್ಲಿ ಆರಿತು, ಯಾವ ಪ್ಲಾಸ್ಟರಾದರೂ ಆರುವ ಹಾಗೆ. ಗುರುವಾರ ಬೆಳಿಗ್ಗೆ ಅಳೆದಾಗ ಗೆರೆ ನಿಲ್ಲಿಸಿದಲ್ಲೇ ನಿಂತಿತ್ತು. ಹೋಳು ಬಿಚ್ಚಿ ನೋಡಿದಳು. ಮಂಡಿಯ ಅಚ್ಚು ಮಾತ್ರ ಇತ್ತು, ನುಣ್ಣಗೆ, ಒಂದು ಗುಳ್ಳೆಯೂ ಇಲ್ಲದೆ. ಕೆಲಸದ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಹಾಸಿಗೆಯನ್ನು ಅವಳು ಹಾಸಿರಲಿಲ್ಲ. ಬೆರಳಾಡಿಸಿ ಎಲ್ಲೆಲ್ಲೂ ಹುಡುಕಿದಳು. ಆ ಕೋಣೆಯಲ್ಲಿ ಅವಳಿಗೆ ಮೈ ಜುಮ್ಮೆಂದದ್ದು ಆಗ, ಏನೂ ಇಲ್ಲದ್ದನ್ನು ಕಂಡು.

ಮಷೀನು ಚಾಲೂ ಮಾಡಿ ಹಿಡಿಕೆ ಇಳಿಸಿದಳು. ಟೂಲು ಮೊದಲ ಕಿವಿಯನ್ನು ದಾಟಿತು, ಬೆಳ್ಳಿಯ ಎಳೆಯಂಥ ಸಿಪ್ಪೆ ಸುರುಳಿಯಾಗಿ ಎದ್ದಿತು. ಎರಡನೆಯ ಕಿವಿಯ ನಡುವೆ, ಮಾವ ಹಿಂದೆ ಬಡಿದಿದ್ದ ಹಳೆಯ ಬಳೆಯ ಚೂರೊಂದು ಲೋಹದೊಳಗೆ ಸಿಕ್ಕಿಕೊಂಡಿತ್ತು. ಅದು ತಾಗಿದ್ದೇ ಟೂಲು ಕಿರ್ರೆಂದಿತು, ಹಿಡಿಕೆ ಅವಳ ಕೈಯಲ್ಲಿ ನಡುಗಿತು. ಇಂಥ ಹೊತ್ತಿಗೇ ಅವರು ಎದ್ದು ಬರುತ್ತಿದ್ದುದು. ಅವಳ ಕೈಯ ಹಿಂಭಾಗ, ಚರ್ಮವೇ ಕಿವಿಯಾದ ಹಾಗೆ, ಕಾಯಿತು. ಬರೀ ಫ್ಯಾನಿನ ಗಾಳಿ ಅದರ ಮೇಲೆ ಸುಳಿದು ಹೋಯಿತು. ಹಿಂದಕ್ಕೆ ಎಳೆದರೆ ಗೀರು ಬೀಳುತ್ತದೆ, ಮುಂದಕ್ಕೆ ಒತ್ತಿದರೆ ಕಿವಿ ಸೀಳುತ್ತದೆ. ಸೊಸೆ ಒತ್ತಲಿಲ್ಲ, ಎಳೆಯಲಿಲ್ಲ. ಉಸಿರನ್ನು ನಿಧಾನ ಮಾಡಿದಳು, ಕೈ ಉಸಿರಿನ ಹಿಂದೆ ನಿಧಾನವಾಯಿತು. ಕಂಚಿನ ಚೂರು ಪುಡಿಪುಡಿಯಾಗಿ ಉದುರಿತು. ಕಿರ್ರೆನ್ನುವುದು ನಿಂತು ಮತ್ತೆ ಸಿಪ್ಪೆಯ ಸದ್ದು ಬಂತು. ಬೆಳಕಿಗೆ ಹಿಡಿದು ನೋಡಿದಾಗ ತೂತಿನ ಒಳಮೈ ಕನ್ನಡಿಯಂತಿತ್ತು. ದೇವರೇ ಎಂದಳು.

ಹೊಸ ಕಂಚಿನ ಬಳೆ ಕೂರಿಸಿ ಜೋಡಿಸಿಟ್ಟಿದ್ದ ಕಾಲನ್ನು ಶುಕ್ರವಾರ ಟೈಲರಣ್ಣ ಬಂದು ಕಟ್ಟಿಕೊಂಡ. ಕುರ್ಚಿಯ ಮೇಲೆ ಕುಳಿತೇ ಎರಡು ಸಲ ಮಡಿಚಿ ಬಿಚ್ಚಿದ. ಎದ್ದು ನಿಂತ. ಲೇತಿನ ತನಕ ನಡೆದ, ಅಲ್ಲಿಂದ ಕಿಟಕಿಯ ತನಕ ನಡೆದ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೊಸೆ ಅವನ ಮುಖ ನೋಡಲಿಲ್ಲ. ನೆಲಕ್ಕೆ ಕಣ್ಣು ನೆಟ್ಟು ಪಾದ ಬೀಳುವ ಜಾಗವನ್ನಷ್ಟೇ ನೋಡುತ್ತಿದ್ದಳು. ಒಂದು, ಎರಡು, ಮೂರು. ಪಾದ ಹೊರಕ್ಕೂ ಹಾರಲಿಲ್ಲ, ಒಳಕ್ಕೂ ತಿರುಗಲಿಲ್ಲ.

ಟೈಲರಣ್ಣ ನಾಲ್ಕನೆಯ ಸುತ್ತಿನಲ್ಲಿ ಅವಳ ಎದುರು ನಿಂತು ಹುಬ್ಬು ಗಂಟಿಕ್ಕಿದ. ಅವಳು ತಟ್ಟನೆ ಅವನ ಮಂಡಿ ನೋಡಿದಳು.

"ಈ ತೋಳನ್ನ ಯಾರಮ್ಮ ಹೊಲಿದಿದ್ದು?" ಎಂದು ಅವಳ ಕೆಲಸದ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದ. "ಕಂಕುಳಲ್ಲಿ ಎಳೀತಿದೆ ನೋಡು. ನಿನ್ನ ಭುಜ ಎರಡೂ ಒಂದೇ ಸಮ ಇಲ್ಲ, ಬಲಗಡೇದು ತಗ್ಗು. ಅದನ್ನ ನೋಡ್ದೆ ಕತ್ತರಿಸಿದಾನೆ ಕಳ್ಳ. ಸಾಯಂಕಾಲ ಅಂಗಡಿ ಕಡೆ ಬಾ, ಅಳತೆ ತಗೋತೀನಿ."

ಹೀಗೆನ್ನುತ್ತಾ, ಆ ದರ್ಜಿ ಯಾರೆಂದು ಊಹಿಸಿ ಬೈಯುತ್ತಾ, ಮೂರು ಮೆಟ್ಟಿಲು ಇಳಿದು, ಬೀದಿ ಹಿಡಿದು ಹೊರಟುಹೋದ. ಕಾಲಿನ ವಿಚಾರ ಅವನ ಬಾಯಲ್ಲಿ ಬರಲೇ ಇಲ್ಲ.